ಹಾಲಿನ ಡೇರಿಯಲ್ಲಿ ಓದಿದ ಶಾಸ್ತ್ರ

ಒಂದು ಗಣಕವ್ಯವಸ್ಥೆ ಯಾರಿಗಾಗಿ ನಿರ್ಮಾಣವಾಗಲಿರುವುದೋ ಆ ಜನಕ್ಕೆ ಅದರಿಂದ ಆಗಬೇಕಾದುದೇನು, ಅದು ಯಾವ ಸನ್ನಿವೇಶದಲ್ಲಿ ಆಗಬೇಕು, ಆಯಿತೆಂಬುದನ್ನು ಯಾವ ಪರೀಕ್ಷೆಯಿಂದ ನಿಶ್ಚಯಿಸಬೇಕು ಎಂಬ ಪ್ರಶ್ನೆಗಳಿಗೆ, ನಿರ್ಮಾಣಕ್ಕೆ ಕೈಯಿಡುವ ಮುನ್ನವೇ, ಸಂದೇಹಕ್ಕೆ ಎಡೆಯಿಲ್ಲದ ಮಾತಿನಲ್ಲಿ ಉತ್ತರವನ್ನು ಬರೆದಿಡುವ ವಿದ್ಯೆಗೆ ರಿಕ್ವೈರ್‌ಮೆಂಟ್ಸ್ ಎಂಜಿನಿಯರಿಂಗ್ ಎಂದು ಹೆಸರು. ಅವಶ್ಯಕತಾ ನಿರೂಪಣೆ ಎಂದು ನಾನು ಅದನ್ನು ಕರೆದುಕೊಂಡಿದ್ದೇನೆ. ಬಹುಕಾಲ ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು, ಆಮೇಲೆ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಹಾಲಿನ ಸಂಘಗಳಲ್ಲಿಯೂ ಕಬ್ಬಿನ ಗದ್ದೆಗಳ ಬದಿಯಲ್ಲಿಯೂ ನಿಂತು ಈ ಕೆಲಸವನ್ನು ಮಾಡಿದವನು ನಾನು. ನಡುವೆ ಈ ವಿದ್ಯೆಗೆಂದೇ ಏರ್ಪಟ್ಟಿರುವ ಅಂತರರಾಷ್ಟ್ರೀಯ ಪರೀಕ್ಷೆಗೂ ಕುಳಿತು ಪ್ರಮಾಣಪತ್ರವನ್ನು ಪಡೆದೆ. ಆ ಪರೀಕ್ಷೆಯ ಪಾಠಗಳಿಗೆ ರಕ್ತಮಾಂಸ ಒದಗಿದುದು ಈ ಹಳ್ಳಿಗಳಲ್ಲಿಯೇ ಆದುದರಿಂದ, ಅದೇ ಹಾದಿ ಹಿಡಿಯಲಿರುವ ನಮ್ಮ ಜಿಲ್ಲೆಯ ತರುಣತರುಣಿಯರಿಗೆ ಉಪಯೋಗವಾದೀತೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಪರೀಕ್ಷೆಯ ಸಂಗತಿಯನ್ನು ಮೊದಲು ಹೇಳಿ ಮುಗಿಸುತ್ತೇನೆ. 2006ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಐಆರ್‌ಇಬಿ ಎಂಬ ಸಂಸ್ಥೆ ಇದರ ಪಠ್ಯಕ್ರಮವನ್ನು ರೂಪಿಸಿದೆ. ಪ್ರಮಾಣಪತ್ರಕ್ಕೆ ಸಿಪಿಆರ್‌ಇ ಎಂದು ಹೆಸರು. ಮೊದಲ ಹಂತದ ಪರೀಕ್ಷೆಯಲ್ಲಿ 75 ನಿಮಿಷಗಳಲ್ಲಿ 45 ಪ್ರಶ್ನೆಗಳಿಗೆ ಉತ್ತರ ಗುರುತಿಸಬೇಕು. ನೂರಕ್ಕೆ 70 ಅಂಕ ಬಂದರೆ ತೇರ್ಗಡೆ. ಒಮ್ಮೆ ಪಡೆದ ಮೊದಲ ಹಂತದ ಪ್ರಮಾಣಪತ್ರಕ್ಕೆ ನವೀಕರಣದ ಕಾಟವಿಲ್ಲ. ಪಠ್ಯಕ್ರಮ, ಕೈಪಿಡಿ, ಪಾರಿಭಾಷಿಕ ಪದಕೋಶ ಇವೆಲ್ಲವೂ ಉಚಿತವಾಗಿ ದೊರೆಯುವುದರಿಂದ, ತರಗತಿಗೆ ಹಣ ತೆರಲಾರದ ವಿದ್ಯಾರ್ಥಿಯೂ ಮನೆಯಲ್ಲಿಯೇ ಓದಿಕೊಳ್ಳಬಹುದು. ಪಠ್ಯದ ತಳಹದಿಯಾಗಿ ಒಂಬತ್ತು ತತ್ತ್ವಗಳಿವೆ. ಅವುಗಳಲ್ಲಿ ಸನ್ನಿವೇಶ ಎಂಬ ಒಂದು, ಸಮಾನ ತಿಳಿವಳಿಕೆ ಎಂಬ ಇನ್ನೊಂದು, ಈ ಎರಡೇ ನನ್ನನ್ನು ಬಿಡದೆ ಹಿಡಿದುಕೊಂಡುವು.

ಸನ್ನಿವೇಶವೆಂದರೇನೆಂಬುದನ್ನು ತಿಳಿಯಬಯಸುವವನು ನಮ್ಮ ನಾಲ್ಕು ತಾಲ್ಲೂಕುಗಳನ್ನು ಒಮ್ಮೆ ಸುತ್ತಿ ಬಂದರೆ ಸಾಕು. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಹಳೆಯ ಅಣೆಕಟ್ಟೆಗಳ ನಾಲೆಗಳು. ಅಲ್ಲಿಂದ ಪಾಂಡವಪುರದತ್ತ ಸಾಗಿದರೆ ವಿಶ್ವೇಶ್ವರಯ್ಯ ನಾಲೆಯ ಭತ್ತ, ಕಬ್ಬು. ಕೃಷ್ಣರಾಜಪೇಟೆಯಲ್ಲಿ ಹೇಮಾವತಿಯ ನೀರು ಸೇರಿದ ಊರುಗಳ ಬಾಳೇ ಬೇರೆ, ಕೆರೆಯನ್ನು ನಂಬಿದ ಊರುಗಳ ಬಾಳೇ ಬೇರೆ. ನಾಗಮಂಗಲಕ್ಕೆ ಬಂದರೆ ರಾಗಿ, ಹುರುಳಿ, ತೆಂಗು, ಮತ್ತು ಮಳೆ ಕೈಕೊಟ್ಟ ವರ್ಷ ಸಂಸಾರವನ್ನು ದಡ ಸೇರಿಸುವ ಸೀಮೆಹಸು. ಗದ್ದೆಯ ಬಯಲಿನಲ್ಲಿ ಹಾಲಿನ ದುಡ್ಡು ಮೇಲುಖರ್ಚಿಗೆ ಒದಗುವ ವರಮಾನ; ಒಣಸೀಮೆಯಲ್ಲಿ ಅದೇ ಜೀವನಾಧಾರ. ಒಂದೇ ಜಿಲ್ಲೆಯ ಒಂದೇ ಹಾಲು ಒಕ್ಕೂಟದ ಕೆಳಗಿನ ಸಂಘಗಳಿಗೆ ಒಂದೇ ತಂತ್ರಾಂಶವನ್ನು ಬರೆಯುವಾಗಲೂ, ಬಟವಾಡೆ ಎರಡು ದಿನ ತಡವಾದರೆ ಆಗುವ ನೋವು ಈ ಎರಡು ಕಡೆಗಳಲ್ಲಿ ಒಂದೇ ಅಲ್ಲವೆಂಬುದನ್ನು ದಾಖಲೆಯಲ್ಲಿ ಎಲ್ಲಿ ಬರೆಯುವುದು? ಪಠ್ಯ ಈ ಪ್ರಶ್ನೆಗೆ ಒಂದು ಸ್ಥಾನವನ್ನು ಕಲ್ಪಿಸಿಕೊಟ್ಟಿದೆ: ವ್ಯವಸ್ಥೆಯ ಗೆರೆಯಾಚೆಗೆ ಇದ್ದು ವ್ಯವಸ್ಥೆಯನ್ನು ನಿಯಮಿಸುವ ಲೋಕವನ್ನೂ ಗುರುತುಹಾಕಿಯೇ ಮುಂದಿನ ಮಾತು.

ಇನ್ನು ಹಾಲಿನ ಸಂಘದ ವಿಚಾರ. ಬೆಳಗಿನ ಜಾವ ಡೇರಿಯ ಬಾಗಿಲು ತೆರೆಯುವ ಮುನ್ನವೇ ಕ್ಯಾನುಗಳು ಸಾಲುಗಟ್ಟಿರುತ್ತವೆ. ಹಾಲನ್ನು ತೂಕದ ಪಾತ್ರೆಗೆ ಸುರಿಯುತ್ತಾರೆ. ಪರೀಕ್ಷಕನು ಸಣ್ಣ ಲೋಟದಲ್ಲಿ ಸ್ಯಾಂಪಲ್ ತೆಗೆದು ಯಂತ್ರದ ನಳಿಗೆಗೆ ಹಿಡಿಯುತ್ತಾನೆ. ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ (ಜಿಡ್ಡಲ್ಲದ ಘನಾಂಶ) ಇಷ್ಟು, ದರ ಇಷ್ಟು ಎಂದು ಚೀಟಿ ಹೊರಬೀಳುತ್ತದೆ. ಈ ಸಂಘಗಳ ತಂತ್ರಾಂಶಕ್ಕಾಗಿ ನಾನು ಕಚೇರಿಯಲ್ಲಿ ಕುಳಿತು ಕಾರ್ಯದರ್ಶಿಗಳನ್ನು ವಿಚಾರಿಸಿ ಬರೆದುಕೊಂಡ ಕರಡಿನಲ್ಲಿ, ಪ್ರತಿ ಸದಸ್ಯನಿಗೂ ವ್ಯವಸ್ಥೆಯು ಚೀಟಿಯನ್ನು ಮುದ್ರಿಸಿಕೊಡತಕ್ಕದ್ದು ಎಂಬ ವಾಕ್ಯವಿತ್ತು. ಅದರಲ್ಲಿ ದೋಷವೇನೂ ಕಾಣುವಂತಿರಲಿಲ್ಲ. ನಾಗಮಂಗಲ ತಾಲ್ಲೂಕಿನ ಒಂದು ಸಂಘದಲ್ಲಿ ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದಾಗ, ಒಬ್ಬ ವೃದ್ಧೆ ಆ ಚೀಟಿಯನ್ನು ಕಣ್ಣೆತ್ತಿಯೂ ನೋಡದೆ ಮಡಿಸಿ ಎಲೆಯಡಿಕೆಯ ಚೀಲಕ್ಕೆ ಸೇರಿಸಿ, ಪರೀಕ್ಷಕನನ್ನು ಕೇಳಿದಳು: “ಕಾಗ್ದ ಇರ್ಲಿ ಕನಪ್ಪಾ, ನೆನ್ನೆ ಒತ್ತಾರೆಗಿಂತ ಎಚ್ಚೋ ಕಮ್ಮಿಯೋ, ಅದ್ನೇಳು.” ಹುಡುಗ ಹೇಳಿದ: “ಒಂದ್ ಪಾಯಿಂಟ್ ಕಮ್ಮಿ ಬಂದದೆ ಕನಜ್ಜಿ.” “ಇನ್ನೊಂದ್ ಕಿತ ನೋಡು ಮಗ, ಕ್ಯಾನಿಗ್ ಉಯ್ಬ್ಯಾಡ.”

ಈ ನಾಲ್ಕಾರು ಮಾತುಗಳೊಳಗೆ ಅಡಗಿದ್ದ ಅವಶ್ಯಕತೆಗಳನ್ನು ಬಿಡಿಸಿ ಬರೆಯಲು ನನಗೆ ಆ ದಿನದ ಬಹುಭಾಗವೇ ಹಿಡಿಯಿತು. ಅವಳಿಗೆ ಬೇಕಾದುದು ಅಂಕಿಯಲ್ಲ, ಹೋಲಿಕೆ. ಹೋಲಿಕೆಯೂ ನೆನ್ನೆಯ ಸಂಜೆಯ ಹಾಲಿನೊಡನೆ ಅಲ್ಲ, ನೆನ್ನೆಯ ಬೆಳಗಿನ ಹಾಲಿನೊಡನೆ; ಏಕೆಂದರೆ ಎರಡು ಕರೆಯುವಿಕೆಗಳ ನಡುವಣ ಅಂತರ ಹಗಲಿನಲ್ಲಿ ಕಡಿಮೆಯಾದಾಗ ಸಂಜೆಯ ಹಾಲಿನಲ್ಲಿ ಜಿಡ್ಡು ಹೆಚ್ಚುವುದು ಸಾಮಾನ್ಯ, ಹಸು ಕಟ್ಟಿದವರಿಗೆಲ್ಲ ಇದು ಗೊತ್ತು. ಫಲಿತಾಂಶ ಕಿವಿಗೆ ಬೀಳಬೇಕು, ಓದು ಬಾರದವರಿಗೂ ತಿಳಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತನ್ನ ಹಾಲು ಊರ ಹಾಲಿನೊಡನೆ ಬೆರೆಯುವ ಮುನ್ನವೇ ಅದು ತಿಳಿಯಬೇಕು. ಬೆರೆತ ಬಳಿಕ ಮರುಪರೀಕ್ಷೆ ಎಂಬುದು ಅಸಾಧ್ಯ. ಚೀಟಿಯಾದರೋ ಹಾಲು ಕ್ಯಾನಿಗೆ ಬಿದ್ದ ಮೇಲೂ ಬರಬಹುದಾಗಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಕರಡಿನ ವಾಕ್ಯ ಹೇಳಿಯೇ ಇರಲಿಲ್ಲ. ಈ ಅಜ್ಜಿಯನ್ನು ಯಾವ ಸಂದರ್ಶನಕ್ಕೆ ಕೂರಿಸಿ ಕೇಳಿದ್ದರೂ ಇದನ್ನು ಅವಳು ಹೇಳುತ್ತಿರಲಿಲ್ಲ, ಏಕೆಂದರೆ ಇದು ಅವಳಿಗೆ ಹೇಳಬೇಕಾದ ಸಂಗತಿಯೇ ಅಲ್ಲ. ಜಪಾನಿನ ನೊರಿಯಾಕಿ ಕಾನೊ ಅವರು 1984ರಲ್ಲಿ ಪ್ರತಿಪಾದಿಸಿದ ವಿಂಗಡಣೆಯೊಂದನ್ನು ಈ ಪರೀಕ್ಷೆಗೆ ಓದಿಸುತ್ತಾರೆ: ಇದ್ದರೆ ಯಾರೂ ಹೊಗಳದ, ಇಲ್ಲದಿದ್ದರೆ ಎಲ್ಲರೂ ಸಿಡಿದೇಳುವ ಅವಶ್ಯಕತೆಗಳು ಬಾಯಿಂದ ಹೊರಡುವುದಿಲ್ಲ, ಪಕ್ಕದಲ್ಲಿ ನಿಂತು ನೋಡಿಯೇ ಅವನ್ನು ಹಿಡಿಯಬೇಕು.

ಕಿಲೋ, ಲೀಟರುಗಳ ತೊಡಕೂ ಇಂಥದೇ. ತಕ್ಕಡಿ ಕಿಲೋಗ್ರಾಂ ತೋರಿಸುತ್ತದೆ, ದರ ಲೀಟರಿನ ಲೆಕ್ಕದಲ್ಲಿದೆ. ಒಂದು ಲೀಟರು ಹಾಲು ಸುಮಾರು 1.03 ಕಿಲೋ ತೂಗುವುದರಿಂದ ನೂರು ಕಿಲೋ ಹಾಲೆಂದರೆ ಹತ್ತಿರ ಹತ್ತಿರ 97 ಲೀಟರು. ‘ಪ್ರಮಾಣ’ ಎಂದು ಮಾತ್ರ ಬರೆದ ದಾಖಲೆಯನ್ನು ಕಾರ್ಯದರ್ಶಿ ಒಂದು ಬಗೆಯಾಗಿ, ತಂತ್ರಾಂಶ ಬರೆಯುವವನು ಇನ್ನೊಂದು ಬಗೆಯಾಗಿ ಓದಿಕೊಂಡು ಇಬ್ಬರೂ ತಲೆದೂಗಬಹುದು. ನೂರಕ್ಕೆ ಮೂರರಷ್ಟು ವ್ಯತ್ಯಾಸ ಮಾತ್ರ ದಿನವೂ ಹಸು ಕಟ್ಟಿದವರ ಲೆಕ್ಕದಲ್ಲಿ ಬೀಳುತ್ತದೆ. ಪದಕೋಶವೊಂದನ್ನು ಕಟ್ಟಿ, ಪ್ರತಿ ಪದಕ್ಕೂ ಒಂದೇ ಅರ್ಥವನ್ನು ನಿಲ್ಲಿಸಿ, ಅದಕ್ಕೆ ಹೊಣೆಗಾರನೊಬ್ಬನನ್ನು ನೇಮಿಸಬೇಕೆಂಬ ಪಠ್ಯದ ವಿಧಿಯನ್ನು ನಾನು ಈಗ ಯಾವ ಕೆಲಸದಲ್ಲಿಯೂ ಮೀರುವುದಿಲ್ಲ.

ಡೇರಿಯಲ್ಲಿ ಫಲಿತಾಂಶವನ್ನು ತೋರಿಸಲು ಸದಸ್ಯರತ್ತ ಮುಖಮಾಡಿದ ಎರಡನೆಯ ಪರದೆಯೊಂದು ಬೇಕೆಂದು ನಾವು ಬರೆದಾಗ, ಅದಕ್ಕೆ ಪೂರ್ವನಿದರ್ಶನ ನಮ್ಮ ರಾಜ್ಯದಲ್ಲಿಯೇ ಇತ್ತು. 2000ದ ಸುಮಾರಿಗೆ ಆರಂಭವಾದ ಭೂಮಿ ಯೋಜನೆಯಲ್ಲಿ, 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿ ದಾಖಲೆಗಳನ್ನು ಗಣಕಕ್ಕೆ ಏರಿಸಿ, 15 ರೂಪಾಯಿಗೆ ಪಹಣಿ ಸಿಗುವಂತೆ ಮಾಡಿದಾಗ, ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ರೈತನತ್ತಲೂ ಒಂದು ಪರದೆಯನ್ನು ತಿರುಗಿಸಿಟ್ಟರು: ಒಳಗೆ ನಡೆಯುವುದನ್ನು ಹೊರಗಿನವನೂ ಕಾಣಲೆಂದು. ಖಾತೆ ಬದಲಾವಣೆಯ ಅರ್ಜಿಗಳಿಗೆ ಮೊದಲು ಬಂದುದನ್ನು ಮೊದಲು ಮುಗಿಸುವ ಕ್ರಮವನ್ನು ತಂತ್ರಾಂಶದಲ್ಲಿಯೇ ಬಿಗಿದರು. ಸಮಾನ ತಿಳಿವಳಿಕೆ ಎಂಬ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಯಾವ ಕೈಪಿಡಿಯಲ್ಲಿಯೂ ಕಂಡಿಲ್ಲ.

ಆದರೆ ಒಂದು ಕಡೆ ನ್ಯಾಯವಾದುದು ಇನ್ನೊಂದು ಕಡೆಯೂ ನ್ಯಾಯವಾಗಬೇಕಾಗಿಲ್ಲ. ಕಬ್ಬು ಕಟಾವಿನ ಸರದಿಯನ್ನು ಗೊತ್ತುಮಾಡುವ ಕೆಲಸದಲ್ಲಿ, ಮೊದಲು ನೋಂದಾಯಿಸಿದವನಿಗೆ ಮೊದಲು ಕಟಿಂಗ್ ಆರ್ಡರ್ ಎಂಬ ನಿಯಮವನ್ನು ಹಾಗೆಯೇ ತಂದಿಟ್ಟರೆ, ಕೂಳೆ ಕಬ್ಬು, ನಾಟಿ ಕಬ್ಬು ಎಂಬ ಭೇದವಾಗಲಿ, ಪೈರಿನ ವಯಸ್ಸಾಗಲಿ ಲೆಕ್ಕಕ್ಕೆ ಬಾರದೆ, ಒಬ್ಬನ ಎಳೆಯ ಕಬ್ಬು ಕಾರ್ಖಾನೆಗೆ ಹೋಗಿ ಇನ್ನೊಬ್ಬನದು ಸೂಲಂಗಿ ಬಂದು ಗದ್ದೆಯಲ್ಲಿಯೇ ಒಣಗೀತು. ಕಾರ್ಖಾನೆಗೆ ಬೇಕಾದುದು ಇಳುವರಿ, ರೈತನಿಗೆ ತೂಕ, ಕಟಾವಿನ ಗ್ಯಾಂಗಿನವರಿಗೆ ಒಂದೇ ದಿಕ್ಕಿನ ಗದ್ದೆಗಳು. ಮೂರೂ ಸತ್ಯವೇ. ಇವುಗಳ ನಡುವೆ ಸಂಧಾನವಾಗದೆ ಮೇಜಿನ ಮೇಲೆ ಯಾವ ನಿಯಮವನ್ನು ಬರೆದರೂ ಅದು ಊರಿನಲ್ಲಿ ನಿಲ್ಲುವುದಿಲ್ಲ. ಕಬ್ಬು ಸಾಗಿಸಿದ 14 ದಿನಗಳೊಳಗೆ ಹಣ ಸಂದಾಯವಾಗಬೇಕೆಂಬ 1966ರ ಕಬ್ಬು ನಿಯಂತ್ರಣ ಆದೇಶದ ವಿಧಿಯಾದರೋ ಸಂಧಾನದ ವಸ್ತುವೇ ಅಲ್ಲ, ಅದು ಕಟ್ಟುಪಾಡು. ಅಪೇಕ್ಷೆ ಯಾವುದು, ಕಟ್ಟುಪಾಡು ಯಾವುದು ಎಂದು ಬೇರ್ಪಡಿಸಿ ಬರೆಯುವುದನ್ನು ಪರೀಕ್ಷೆಯ ಓದು ನನಗೆ ಅಭ್ಯಾಸಮಾಡಿಸಿತು.

ಓದಿನ ದಿನಗಳಲ್ಲಿ ನನಗೆ ನೆರವಾದುದು ನಿರೀಕ್ಷಿಸದ ಕಡೆಯಿಂದ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸಂಸ್ಕೃತ ಸಂಶೋಧನ ಸಂಸತ್ತು ಇದೆ. ಶಾಸ್ತ್ರಗಳ ಭಾಷಾವಿಚಾರವನ್ನು ಗಣಕಕ್ಕೆ ಅನ್ವಯಿಸುವ ಪ್ರಯತ್ನ ಅಲ್ಲಿ ಹಿಂದೆಯೇ ನಡೆದಿದೆ. ಆ ಊರಿನ ವಿದ್ವಾಂಸರೊಬ್ಬರ ಬಳಿ ನನ್ನ ವಾಕ್ಯಗಳನ್ನು ಕನ್ನಡದಲ್ಲಿ ಓದಿ ತೋರಿಸಿದಾಗ ಅವರು ಮೀಮಾಂಸೆಯ ಮಾತೆತ್ತಿದರು. ವಿಧಿವಾಕ್ಯವೊಂದನ್ನು ಕೇಳಿದ ಕೂಡಲೇ ಏನನ್ನು ಸಾಧಿಸಬೇಕು, ಯಾವುದರಿಂದ ಸಾಧಿಸಬೇಕು, ಯಾವ ರೀತಿಯಲ್ಲಿ ಸಾಧಿಸಬೇಕು ಎಂಬ ಮೂರು ಆಕಾಂಕ್ಷೆಗಳು ಏಳುತ್ತವೆ. ಸಾಧ್ಯ, ಸಾಧನ, ಇತಿಕರ್ತವ್ಯತೆ ಎಂದು ಅವಕ್ಕೆ ಹೆಸರು. ಇವು ಪೂರೈಸದೆ ವಾಕ್ಯ ಕಾರ್ಯಕ್ಕೆ ಪ್ರೇರಿಸುವುದಿಲ್ಲ. ಸಮಸ್ಯೆ, ಅವಶ್ಯಕತೆ, ಪರಿಹಾರ ಈ ಮೂರನ್ನು ಕಲಸದೆ ಬಿಡಿಸಿ ನೋಡಬೇಕೆಂದು ಐಆರ್‌ಇಬಿಯ ಪಠ್ಯ ಹೇಳುವುದೂ ಇದೂ ಒಂದೇ ಎಂದು ನಾನು ಸಾಧಿಸಹೊರಟಿಲ್ಲ. ಇವುಗಳ ಉದ್ದೇಶಗಳು ಭಿನ್ನ. ಆದರೆ ಅಂದಿನಿಂದ ನನ್ನ ವಾಕ್ಯಗಳನ್ನು ಈ ಮೂರು ಆಕಾಂಕ್ಷೆಗಳ ಮುಂದೆ ನಿಲ್ಲಿಸಿ ಪರಿಶೀಲಿಸುತ್ತೇನೆ. ಪರೀಕ್ಷೆಯಲ್ಲಿ ಸರಿಯಾದ ವಾಕ್ಯವನ್ನು ಆರಿಸುವ ಪ್ರಶ್ನೆಗಳು ಬಂದಾಗ ಇದರಿಂದ ನನಗೆ ಬಹಳ ಸಹಾಯವಾಯಿತು.

ಅವಶ್ಯಕತೆಗಳ ಬದಲಾವಣೆಯ ವಿಷಯದಲ್ಲಿ ನನಗೆ ಗುರುವಾದುದು ಕನ್ನಂಬಾಡಿ ಅಣೆಕಟ್ಟು. 1911ರಲ್ಲಿ ಅದರ ಕೆಲಸ ಆರಂಭವಾದಾಗ, ಕೋಲಾರದ ಚಿನ್ನದ ಗಣಿಗಳಿಗೆ ಹೋಗುವ ಶಿವನಸಮುದ್ರದ ವಿದ್ಯುತ್ತಿಗೆ ಬೇಸಗೆಯಲ್ಲಿಯೂ ನೀರು ಬೇಕಾಗಿತ್ತು, ಮಂಡ್ಯದ ಹೊಲಗಳಿಗೂ ಬೇಕಾಗಿತ್ತು. ಮದ್ರಾಸಿನ ಆಕ್ಷೇಪದಿಂದಾಗಿ ದೊರೆತ ಅನುಮತಿಯಾದರೋ 11 ಟಿಎಂಸಿ ನೀರಿನ ಸಣ್ಣ ಕಟ್ಟೆಗೆ ಮಾತ್ರ. ಮೈಸೂರಿನವರು ತಳಪಾಯವನ್ನು ತಾವು ಮೊದಲು ಯೋಚಿಸಿದ್ದ ದೊಡ್ಡ ಕಟ್ಟೆಗೆ ತಕ್ಕ ಅಗಲದಲ್ಲಿಯೇ ಹಾಕಿದರು. ಮದ್ರಾಸಿನೊಡನೆ 1924ರ ಒಪ್ಪಂದವಾಗುವ ಹೊತ್ತಿಗೆ ಮೇಲಿನ ಎತ್ತರಕ್ಕೆ ಕೆಳಗೆ ಆಧಾರ ಸಿದ್ಧವಾಗಿತ್ತು. ನಮ್ಮ ಕೆಲಸದಲ್ಲಿಯೂ ಬದಲಾವಣೆ ತಪ್ಪಿದ್ದಲ್ಲ: ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಾಗಿ ಹುಟ್ಟಿ ಮುಂದೆ 5 ರೂಪಾಯಿಗೆ ಏರಿತು. ಇಂಥ ದರವನ್ನು ತಂತ್ರಾಂಶದ ಒಡಲಲ್ಲಿ ಹೂಳದೆ, ಯಾವ ದಿನದಿಂದ ಯಾವ ದಿನದವರೆಗೆ ಯಾವ ದರ ಎಂಬ ಕೋಷ್ಟಕದಲ್ಲಿ ಇಡತಕ್ಕದ್ದೆಂದು ಬರೆಯುವಾಗ ನನ್ನ ಮನಸ್ಸಿನಲ್ಲಿದ್ದುದು ಆ ತಳಪಾಯ.

ಪ್ರಮಾಣಪತ್ರ ಕೆಲಸ ಕೊಡಿಸುತ್ತದೆಯೇ ಎಂದು ಕೃಷ್ಣರಾಜಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಮತ್ತು ಬಿ.ಜಿ. ನಗರದ ಕಾಲೇಜಿನ ವಿದ್ಯಾರ್ಥಿಗಳು ಕೇಳುವುದುಂಟು. ಬೆಂಗಳೂರಿನ ವಾಹನ, ವೈದ್ಯಕೀಯ ಉಪಕರಣಗಳ ಕ್ಷೇತ್ರಗಳಲ್ಲಿ, ವಿಶೇಷವಾಗಿ ಜರ್ಮನ್ ಸಂಬಂಧವುಳ್ಳ ಕಂಪನಿಗಳಲ್ಲಿ, ಅದಕ್ಕೆ ಬೆಲೆಯುಂಟು, ಬೇರೆಡೆ ಕಡಿಮೆ. ಅದು ಯಾರಿಗೂ ಕೇಳುವ ಕಿವಿಯನ್ನು ದಯಪಾಲಿಸುವುದಿಲ್ಲ. ಕೇಳಿದುದನ್ನು ಕಳೆಯದೆ ಇಟ್ಟುಕೊಳ್ಳುವ ಶಿಸ್ತನ್ನು ಮಾತ್ರ ಖಂಡಿತವಾಗಿ ಕೊಡುತ್ತದೆ: ಪ್ರತಿ ವಾಕ್ಯಕ್ಕೂ ಒಂದು ಸಂಖ್ಯೆ, ಅದು ಯಾರ ಬಾಯಿಂದ ಬಂದಿತೆಂಬ ಮೂಲ, ಅದು ನೆರವೇರಿತೆಂದು ತಿಳಿಯುವ ಪರೀಕ್ಷೆ. ಕೆಲಸ ಸಿಗಲಿ ಸಿಗದಿರಲಿ, ಈ ಶಿಸ್ತಿಗಾಗಿಯೇ ಓದಿರೆಂದು ನಾನು ಅವರಿಗೆ ಹೇಳುತ್ತೇನೆ.

ದೃಢೀಕರಣದ ಭಾಗವಾಗಿ ನಾವು ಕರಡನ್ನು ಸಂಘದ ಸಭೆಯಲ್ಲಿ ಕನ್ನಡದಲ್ಲಿ ಗಟ್ಟಿಯಾಗಿ ಓದುವ ಪದ್ಧತಿಯನ್ನಿಟ್ಟುಕೊಂಡಿದ್ದೇವೆ. ಇತ್ತೀಚೆಗೆ ಕೃಷ್ಣರಾಜಪೇಟೆ ಕಡೆಯ ಒಂದು ಸಂಘದಲ್ಲಿ ಹಾಗೆ ಓದುತ್ತಿದ್ದಾಗ, ಹಿಂದೆ ಕುಳಿತಿದ್ದ ಹೆಂಗಸೊಬ್ಬಳು ಎದ್ದು, “ಸಾರ್, ಸಂಘದ ನಂಬರು ನಮ್ಮ ಯಜಮಾನ್ರ ಹೆಸರಲ್ಲಿ ಅದೆ, ಅವ್ರು ತೀರ್ಕೊಂಡು ಮೂರು ತಿಂಗ್ಳಾಯ್ತು, ಹಾಲು ಹಾಕ್ತಾ ಇರೋಳು ನಾನು, ದುಡ್ಡು ಅವ್ರ ಖಾತೆಗೇ ಓಯ್ತಾದಲ್ಲ, ಇದ್ಕೇನು ಬರ್ದಿದ್ದೀರಿ?” ಎಂದಳು. ಸದಸ್ಯ ಎಂಬ ಪದಕ್ಕೆ ನಮ್ಮ ಪದಕೋಶದಲ್ಲಿ ಕೊಟ್ಟಿದ್ದ ಅರ್ಥದೊಳಗೆ ಅವಳು ಇರಲಿಲ್ಲ. ಕಾರ್ಯಕಾರಿ ಸಮಿತಿ ಅಲ್ಲಿಯೇ ಚರ್ಚಿಸಿ, ಸದಸ್ಯತ್ವ ವರ್ಗಾವಣೆಯಾಗುವವರೆಗೆ ಹಾಲು ಹಾಕುವವರ ಹೆಸರನ್ನೂ ನಾಮಿನಿಯ ಖಾತೆಯನ್ನೂ ಬೇರೆಯಾಗಿ ದಾಖಲಿಸಬೇಕೆಂದು ತೀರ್ಮಾನಿಸಿತು. ಆ ವಾಕ್ಯಕ್ಕೆ ಸಂಖ್ಯೆ ಬಿದ್ದಿದೆ, ಮೂಲದ ಕಡೆ ಅವಳ ಹೆಸರಿದೆ. ಉಳಿದ ಮೂರು ತಾಲ್ಲೂಕುಗಳ ಸಂಘಗಳಲ್ಲಿ ಗಂಡಸರ ಹೆಸರಿನಲ್ಲಿ ಹೆಂಗಸರು ಹಾಲು ಹಾಕುತ್ತಿರುವ ಮನೆಗಳನ್ನು ಈಗ ಪಟ್ಟಿಮಾಡುತ್ತಿದ್ದೇವೆ. ಮುಂದಿನ ಆವೃತ್ತಿಯ ಕೆಲಸ ಆ ಪಟ್ಟಿಯಿಂದ ಆರಂಭವಾಗುತ್ತದೆ.