ಯಕೃತ್ತಿನ ಕಾಯಿಲೆಯ ತಂದೆತಾಯಿ ಮತ್ತು ಮಕ್ಕಳ ಹೊಣೆ

ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದ 23 ಮತ್ತು 24ನೆಯ ಸೂಕ್ತಗಳು ನಮ್ಮಲ್ಲಿ ಹೆಚ್ಚಿನವರಿಗೆ ಚಿರಪರಿಚಿತ. ಅಲ್ಲಾಹನನ್ನು ಮಾತ್ರ ಆರಾಧಿಸಬೇಕೆಂಬ ಆಜ್ಞೆಯ ಬೆನ್ನಿಗೇ ಅಲ್ಲಿ ಮಾತಾಪಿತರೊಂದಿಗೆ ಸದ್ವರ್ತನೆಯ ಆಜ್ಞೆ ಬರುತ್ತದೆ. ಅವರು ವೃದ್ಧರಾಗಿ ನಮ್ಮ ಬಳಿ ಇರುವಾಗ 'ಛೆ' ಎಂಬ ಉದ್ಗಾರವೂ ನಮ್ಮ ಬಾಯಿಂದ ಹೊರಡಬಾರದೆಂದು ತಾಕೀತು ಮಾಡಲಾಗಿದೆ. ತಂದೆ ಆರೋಗ್ಯವಾಗಿದ್ದು, ಮಸೀದಿಗೆ ಹೋಗಿ ಬಂದು, ಮೊಮ್ಮಕ್ಕಳನ್ನು ಆಡಿಸುತ್ತಿರುವಾಗ ಈ ಆಜ್ಞೆಯನ್ನು ಪಾಲಿಸುವುದು ಕಷ್ಟವಲ್ಲ. ಅದರ ನಿಜವಾದ ಪರೀಕ್ಷೆ ರೋಗಿಯಿರುವ ಮನೆಯಲ್ಲಿ ನಡೆಯುತ್ತದೆ. ಅದರಲ್ಲೂ ಯಕೃತ್ತು, ಅಂದರೆ ಲಿವರ್, ಕೆಟ್ಟುಹೋದ ರೋಗಿಯಿರುವ ಮನೆಯಲ್ಲಿ ಆ ಒಂದಕ್ಷರವನ್ನು ತಡೆಹಿಡಿಯಲು ಪ್ರೀತಿಯೊಂದೇ ಸಾಲದು. ರೋಗದ ಬಗ್ಗೆ ತಿಳಿವಳಿಕೆಯೂ ಬೇಕು.

ವರ್ಷಗಟ್ಟಲೆ ಹಾನಿಗೊಳಗಾಗಿ ಯಕೃತ್ತು ಗಟ್ಟಿಯಾಗಿ, ಗಂಟುಗಂಟಾಗುವ ಸ್ಥಿತಿಯನ್ನು ವೈದ್ಯರು ಸಿರೋಸಿಸ್ ಎನ್ನುತ್ತಾರೆ. ಆರಂಭದಲ್ಲಿ ರೋಗಿಗೆ ಏನೂ ತಿಳಿಯದು. ರೋಗ ಮುಂದುವರಿದಾಗ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕಾಲುಗಳು ಬಾತುಕೊಳ್ಳುತ್ತವೆ, ಕಣ್ಣು ಹಳದಿಯಾಗುತ್ತದೆ, ತೋಳು ತೊಡೆಗಳ ಮಾಂಸ ಕರಗುತ್ತದೆ. ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದರೆ ರಕ್ತವಾಂತಿಯಾಗುತ್ತದೆ ಅಥವಾ ಮಲ ಡಾಮರಿನಂತೆ ಕಪ್ಪಗಾಗುತ್ತದೆ. ಇವೆರಡರಲ್ಲಿ ಒಂದನ್ನು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಹೊಟ್ಟೆಯಲ್ಲಿ ನೀರಿರುವವರಿಗೆ ಜ್ವರ ಅಥವಾ ಹೊಟ್ಟೆನೋವು ಬಂದರೂ ಹಾಗೆಯೇ.

ಆದರೆ ಮನೆಯವರನ್ನು ಹೆಚ್ಚು ನೋಯಿಸುವುದು ಇವು ಯಾವುವೂ ಅಲ್ಲ. ಕರುಳಿನಲ್ಲಿ ಉಂಟಾಗುವ ಅಮೋನಿಯಾದಂತಹ ವಿಷಗಳನ್ನು ತೊಲಗಿಸುವುದು ಯಕೃತ್ತಿನ ಕೆಲಸ. ಅದು ಸೋತಾಗ ಆ ವಿಷ ರಕ್ತದೊಂದಿಗೆ ಮೆದುಳನ್ನು ತಲುಪುತ್ತದೆ. ಆಗ ರೋಗಿ ಹಗಲಿಡೀ ತೂಕಡಿಸಿ ರಾತ್ರಿಯಿಡೀ ಎಚ್ಚರವಾಗಿರುತ್ತಾರೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಅಸರ್ ನಮಾಝ್ ಮುಗಿಸಿ ಐದು ನಿಮಿಷವಾಗಿರುವುದಿಲ್ಲ, ಮತ್ತೆ ಅಸರ್‌ಗೆ ನಿಲ್ಲುತ್ತಾರೆ. ಜೀವಮಾನದಲ್ಲಿ ಒಂದು ಕೆಟ್ಟ ಮಾತಾಡದವರು ಮಗನನ್ನು ಕಳ್ಳನೆನ್ನುತ್ತಾರೆ, ಸೊಸೆ ಅನ್ನದಲ್ಲಿ ಏನೋ ಬೆರೆಸಿದ್ದಾಳೆ ಎನ್ನುತ್ತಾರೆ. ಚಾಚಿದ ಕೈ ಹಕ್ಕಿಯ ರೆಕ್ಕೆಯಂತೆ ಬಡಿಯುತ್ತದೆ. ದಿನಾ ಮಾಡುತ್ತಿದ್ದ ಸಹಿ ಅಂಕುಡೊಂಕಾಗುತ್ತದೆ. ದಿನಕ್ಕೊಮ್ಮೆ ಒಂದು ಪುಸ್ತಕದಲ್ಲಿ ಅವರಿಂದ ಹೆಸರು ಬರೆಸಿ ನೋಡುವುದು ಸುಲಭದ ಉಪಾಯ. ಅಕ್ಷರ ಕೆಟ್ಟರೆ ವೈದ್ಯರಿಗೆ ತಿಳಿಸಬೇಕು.

ಇಂತಹ ಮಾತುಗಳನ್ನು ಕೇಳಿದ ಮಕ್ಕಳು ನೊಂದುಕೊಳ್ಳುತ್ತಾರೆ. ಇಷ್ಟು ವರ್ಷ ಮನಸ್ಸಿನಲ್ಲಿ ಇದ್ದುದೇ ಈಗ ಹೊರಗೆ ಬಂತು ಎಂದುಕೊಳ್ಳುವವರೂ ಇದ್ದಾರೆ. ಇದು ದೊಡ್ಡ ತಪ್ಪು ತಿಳಿವಳಿಕೆ. ಅದು ತಂದೆಯ ಮನಸ್ಸಿನ ಮಾತಲ್ಲ, ರೋಗ ಆಡಿಸುವ ಮಾತು. ನಿದ್ರಿಸುತ್ತಿರುವವನು, ಎಳೆಯ ಮಗು ಮತ್ತು ಬುದ್ಧಿ ಸ್ವಾಧೀನದಲ್ಲಿಲ್ಲದವನು, ಈ ಮೂವರ ಮೇಲಿಂದ ಲೇಖನಿಯನ್ನು ಎತ್ತಲಾಗಿದೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅಲ್ಲಾಹನೇ ಲೆಕ್ಕಕ್ಕೆ ಹಿಡಿಯದ ಮಾತನ್ನು ಮಕ್ಕಳು ಲೆಕ್ಕವಿಟ್ಟುಕೊಳ್ಳುವುದು ಸರಿಯೇ? ಇನ್ನು ಕೆಲವರು ಇದನ್ನು ಜಿನ್ನಿನ ಉಪದ್ರವ, ಮಾಟ ಎಂದು ಭಾವಿಸಿ ನೂಲು ತಾಯಿತಗಳಿಗಾಗಿ ಅಲೆಯುತ್ತಾರೆ. ಕುರ್‌ಆನ್ ಓದಿ ಶಮನಕ್ಕಾಗಿ ಪ್ರಾರ್ಥಿಸುವುದನ್ನು ಯಾರೂ ಬೇಡವೆನ್ನರು. ಆದರೆ ಮಲಬದ್ಧತೆ, ಒಳಗಿನ ರಕ್ತಸ್ರಾವ, ಸೋಂಕು ಅಥವಾ ಯಾರೋ ಕೊಟ್ಟ ನಿದ್ರೆಮಾತ್ರೆ ಈ ಸ್ಥಿತಿಯನ್ನು ತಂದಿರಬಹುದು. ಅಲೆದಾಟದಲ್ಲಿ ಕಳೆದ ಎರಡು ದಿನಗಳಲ್ಲಿ ರೋಗಿ ಪೂರ್ಣ ಪ್ರಜ್ಞೆ ತಪ್ಪಬಹುದು.

ಇದಕ್ಕೆ ವೈದ್ಯರು ಸಾಮಾನ್ಯವಾಗಿ ಕೊಡುವ ಮದ್ದು ಲ್ಯಾಕ್ಟುಲೋಸ್ ಎಂಬ ಸಿಹಿಯಾದ ಸಿರಪ್. ದಿನಕ್ಕೆ ಎರಡು ಮೂರು ಬಾರಿ ಮೆತ್ತಗೆ ಮಲವಿಸರ್ಜನೆಯಾಗಿ ಕರುಳಿನ ವಿಷ ಹೊರಹೋಗಬೇಕೆಂಬುದು ಉದ್ದೇಶ. ಹಿರಿಯರು ಇದನ್ನು ಕುಡಿಯಲು ಒಪ್ಪುವುದಿಲ್ಲ. ಬಟ್ಟೆ ಕೆಡುತ್ತದೆ, ವುಝೂ ನಿಲ್ಲುವುದಿಲ್ಲ, ಜುಮುಅಃಕ್ಕೆ ಹೋಗಲಾಗದು ಎಂಬುದು ಅವರ ಸಂಕಟ. ಕೆಲವರು ಗುಟ್ಟಾಗಿ ಮದ್ದನ್ನು ಚೆಲ್ಲುವುದೂ ಉಂಟು. ಇಲ್ಲಿ ಗದರಿಸಿ ಪ್ರಯೋಜನವಿಲ್ಲ. ದಿನಕ್ಕೆ ಎರಡು ಮೂರು ಬಾರಿ ಹೋಗಿ ಬರುವುದು ಐದು ಹೊತ್ತಿನ ನಮಾಝಿಗೆ ಅಡ್ಡಿಯಾಗದು. ಮದ್ದು ಹೆಚ್ಚಾಗಿ ನೀರಾಗಿ ಹೋಗುತ್ತಿದ್ದರೆ ಅದೂ ಒಳ್ಳೆಯದಲ್ಲ, ಪ್ರಮಾಣವನ್ನು ವೈದ್ಯರು ಸರಿಪಡಿಸುತ್ತಾರೆ. ತಡೆಯಲಾಗದೆ ಹೋಗುತ್ತಲೇ ಇರುವವರಿಗೆ ಶರೀಅತ್ತಿನಲ್ಲಿ ವಿನಾಯಿತಿಗಳಿವೆ. ಅದರ ವಿವರವನ್ನು ಅವರವರ ಮದ್ಹಬಿನ ವಿದ್ವಾಂಸರಿಂದಲೇ ತಂದೆಗೆ ಹೇಳಿಸಬೇಕು. ಮಗನ ಮಾತಿಗೆ ಒಪ್ಪದವರು ಉಸ್ತಾದರ ಮಾತಿಗೆ ಒಪ್ಪಿಯಾರು. ರೋಗಿಗೆ ಜುಮುಅಃ ಕಡ್ಡಾಯವಲ್ಲ. ನಿಂತು ನಮಾಝ್ ಮಾಡಲಾಗದವರು ಕುಳಿತು, ಅದೂ ಆಗದವರು ಮಲಗಿ ಮಾಡಬಹುದೆಂದು ಪ್ರವಾದಿವರ್ಯರೇ(ಸ) ಕಲಿಸಿದ್ದಾರೆ. ಮಂಚದ ಬಳಿ ನೀರು, ಬದಲಿ ಲುಂಗಿ ಇಟ್ಟು, ಯಾರೂ ಮೂಗು ಮುಚ್ಚಿಕೊಳ್ಳದಿದ್ದರೆ ಅವರ ಅರ್ಧ ಹಟ ತಾನಾಗಿಯೇ ಕರಗುತ್ತದೆ.

ಗುಹೆಯೊಳಗೆ ಸಿಕ್ಕಿಬಿದ್ದ ಮೂವರ ಹದೀಸನ್ನು ಓದುಗರು ಬಲ್ಲರು. ಅವರಲ್ಲೊಬ್ಬನು ಹಾಲಿನ ಪಾತ್ರೆ ಹಿಡಿದು, ನಿದ್ದೆಹೋದ ವೃದ್ಧ ತಂದೆತಾಯಿ ಏಳುವವರೆಗೆ, ಬೆಳಗಿನ ತನಕ ಕಾದು ನಿಂತಿದ್ದನು. ಸಿರೋಸಿಸ್ ರೋಗಿಗೆ ರಾತ್ರಿ ಮಲಗುವ ಮುನ್ನ ಏನಾದರೂ ತಿನ್ನಿಸಬೇಕೆಂದು ಇಂದಿನ ವೈದ್ಯರು ಹೇಳುತ್ತಾರೆ. ಹೊಟ್ಟೆ ಬಹಳ ಹೊತ್ತು ಖಾಲಿಯಿದ್ದರೆ ದೇಹವು ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ಆದ್ದರಿಂದಲೇ ರೋಗ ಬಲಿತವರಿಗೆ ರಮಝಾನ್ ಉಪವಾಸ ಅಪಾಯಕಾರಿ. ಗುಣವಾಗುವ ನಿರೀಕ್ಷೆಯಿಲ್ಲದವರು ಪ್ರತಿ ಉಪವಾಸಕ್ಕೆ ಬದಲಾಗಿ ಒಬ್ಬ ಬಡವನಿಗೆ ಉಣಿಸಿದರಾಯಿತು. ಬೇಳೆ, ಮೊಟ್ಟೆ, ಮೀನು ಕೊಡಬಾರದೆಂಬ ಹಳೆಯ ಪಥ್ಯ ಸರಿಯಲ್ಲ. ಬಿಡಬೇಕಾದುದು ಉಪ್ಪು. ಹೊಟ್ಟೆಯಲ್ಲಿ ನೀರಿರುವವರಿಗೆ ದಿನಕ್ಕೆ ಸುಮಾರು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚದಷ್ಟೇ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಬೇಡವೇ ಬೇಡ.

ಅಲ್ಲಾಹನ ದಾಸರೇ ಚಿಕಿತ್ಸೆ ಪಡೆಯಿರಿ ಎಂಬ ಅರ್ಥದ ಪ್ರವಾದಿ ಬೋಧನೆಯೊಂದಿಗೆ, ವೈದ್ಯವನ್ನರಿಯದೆ ಮದ್ದು ಕೊಡುವವನು ಹಾನಿಗೆ ಹೊಣೆಗಾರನೆಂಬ ಎಚ್ಚರಿಕೆಯೂ ಹದೀಸಿನಲ್ಲಿದೆ. ಕಾಮಾಲೆಗೆಂದು ಕೊಡುವ, ಒಳಗೇನಿದೆಯೆಂದು ತಿಳಿಯದ ಸೊಪ್ಪಿನ ರಸ, ಪುಡಿಗಳು ಸೋತ ಯಕೃತ್ತನ್ನು ಇನ್ನಷ್ಟು ಸೋಲಿಸಬಲ್ಲವು. ಮೈಕೈ ನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ಮೂತ್ರಪಿಂಡವನ್ನು ಕೆಡಿಸುತ್ತವೆ.

ಇನ್ನೊಂದು ವಿಷಯವನ್ನು ಹೇಳದೆ ಬಿಡುವಂತಿಲ್ಲ. ಲಿವರ್ ಕಾಯಿಲೆ ಎಂದೊಡನೆ ನೆರೆಹೊರೆಯವರು ಕುಡಿತವನ್ನು ಊಹಿಸುತ್ತಾರೆ. ಆ ಭಯದಿಂದಲೇ ಎಷ್ಟೋ ಮನೆಗಳಲ್ಲಿ ರೋಗವನ್ನು ಮುಚ್ಚಿಡಲಾಗುತ್ತದೆ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನೊಂದಿಗೆ ಬರುವ ಕೊಬ್ಬಿನ ಯಕೃತ್ತು, ಇವೆಲ್ಲ ಮದ್ಯವನ್ನು ಮುಟ್ಟದವರಿಗೂ ಸಿರೋಸಿಸ್ ತರುತ್ತವೆ. ಅಲ್ ಹುಜುರಾತ್ ಅಧ್ಯಾಯದ 12ನೆಯ ಸೂಕ್ತ ನಿಷೇಧಿಸಿದ ಗುಮಾನಿ ಎಂದರೆ ಇದೇ. ಹೆಪಟೈಟಿಸ್ ಬಿ ಆಗಿದ್ದರೆ ಮನೆಯವರೆಲ್ಲರೂ ರಕ್ತ ಪರೀಕ್ಷೆ ಮಾಡಿಸಿ, ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು. ಅದು ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ಹರಡುವುದಿಲ್ಲ. ಆದರೆ ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ ಬೇರೆಯಿರಲಿ. ಹೆಪಟೈಟಿಸ್ ಸಿ ಈಗ ಕೆಲವು ತಿಂಗಳ ಮಾತ್ರೆಗಳಿಂದ ವಾಸಿಯಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಎರಡಕ್ಕೂ ಸರಕಾರಿ ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆಯಿದೆ.

ಹಾಗಾದರೆ ತಂದೆ ನಿಜವಾಗಿಯೂ ಕುಡಿಯುತ್ತಿದ್ದವರೇ ಆಗಿದ್ದರೆ? ತಾಯಿಯನ್ನು ಹೊಡೆದವರು, ಮನೆಯ ದುಡಿಮೆಯನ್ನು ಕಳೆದವರು ಈಗ ಹಾಸಿಗೆ ಹಿಡಿದಿದ್ದರೆ? ಕುರ್‌ಆನ್ ಇದಕ್ಕಿಂತ ಕಠಿಣ ಸನ್ನಿವೇಶದ ಬಗ್ಗೆ ಮಾತಾಡಿದೆ. ಹೆತ್ತವರು ಶಿರ್ಕ್‌ಗೆ ಒತ್ತಾಯಿಸಿದರೂ ಆ ವಿಷಯದಲ್ಲಿ ಮಾತ್ರ ಅವರನ್ನು ಅನುಸರಿಸದೆ, ಲೋಕಜೀವನದಲ್ಲಿ ಅವರೊಂದಿಗೆ ಚೆನ್ನಾಗಿ ನಡೆದುಕೊಳ್ಳಬೇಕೆಂದು ಲುಕ್ಮಾನ್ ಅಧ್ಯಾಯ (15ನೆಯ ಸೂಕ್ತ) ಆದೇಶಿಸುತ್ತದೆ. ಹ. ಅಸ್ಮಾ(ರ) ರವರ ತಾಯಿ ಬಹುದೇವ ವಿಶ್ವಾಸಿಯಾಗಿದ್ದರೂ ಅವರೊಂದಿಗೆ ಸಂಬಂಧ ಜೋಡಿಸುವಂತೆ ಪ್ರವಾದಿವರ್ಯರು(ಸ) ಹೇಳಿದರು. ಗಾಯ ಮರೆತುಹೋಗಬೇಕೆಂದು ಇದರ ಅರ್ಥವಲ್ಲ. ತಾಯಿಗೆ ಅಳುವ ಹಕ್ಕಿದೆ, ಸಿಟ್ಟಾಗುವ ಹಕ್ಕೂ ಇದೆ. ಆದರೆ ಮದ್ದು, ಊಟ, ಶುಚಿತ್ವಗಳನ್ನು ಅವರ ಯೋಗ್ಯತೆ ಅಳೆದು ಕೊಡುವಂತಿಲ್ಲ.

ಸೇವೆಯ ಭಾರವನ್ನೆಲ್ಲ ಸೊಸೆಯ ತಲೆಗೆ ಕಟ್ಟಿ, ಗಲ್ಫಿನಿಂದ ಹಣ ಕಳುಹಿಸಿ ಹೊಣೆ ಮುಗಿಯಿತೆನ್ನುವ ಗಂಡುಮಕ್ಕಳೂ ಇದ್ದಾರೆ. ಆಜ್ಞೆ ಇರುವುದು ಮಕ್ಕಳಿಗೆ. ಸೊಸೆ ಮಾಡುವುದು ಅವಳ ಔದಾರ್ಯ, ಅದಕ್ಕೆ ಕೃತಜ್ಞತೆ ಸಲ್ಲಬೇಕು.

ಬುದ್ಧಿ ಮಂಕಾಗುವ ಮೊದಲೇ ಸಾಲ, ಅಮಾನತ್ತು, ವಸಿಯ್ಯತ್ತುಗಳನ್ನು ಬರೆಸುವುದು ಲೇಸು. ವಸಿಯ್ಯತ್ತು ಆಸ್ತಿಯ ಮೂರನೆಯ ಒಂದಂಶವನ್ನು ಮೀರಬಾರದು, ವಾರಸುದಾರರಿಗೆ ವಸಿಯ್ಯತ್ತಿಲ್ಲ. ಮಗನ ಹೆಸರೂ ನೆನಪಿಲ್ಲದ ತಂದೆಯ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸಿಕೊಳ್ಳುವವನು ಒಡಹುಟ್ಟಿದವರ ಹಕ್ಕನ್ನು ಕಬಳಿಸುತ್ತಿದ್ದಾನೆ. ಅವನು ಹಗಲಿರುಳು ಸೇವೆ ಮಾಡಿದ್ದರೂ ಅದು ಅನ್ಯಾಯವೇ.

ಕೆಲವರಿಗೆ ಯಕೃತ್ತಿನ ಕಸಿಯೊಂದೇ ದಾರಿ. ಬದುಕಿರುವವರ ಯಕೃತ್ತಿನ ಭಾಗವನ್ನು ತೆಗೆದು ಜೋಡಿಸಬಹುದು, ಉಳಿದ ಭಾಗ ತಿಂಗಳುಗಳಲ್ಲಿ ಬೆಳೆಯುತ್ತದೆ. 1994ರ ಕಾನೂನು ಮಕ್ಕಳು, ಸಂಗಾತಿ, ಒಡಹುಟ್ಟಿದವರಂತಹ ಹತ್ತಿರದವರಿಗೆ ಇದನ್ನು ಅನುಮತಿಸುತ್ತದೆ. ಮೃತ ದಾನಿಗಳಿಂದ ಪಡೆಯಲು ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಿದೆ. 1988ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಕೆಲವು ಷರತ್ತುಗಳೊಂದಿಗೆ ಅಂಗದಾನವನ್ನು ಸಮ್ಮತಿಸಿತು. ಒಪ್ಪದ ವಿದ್ವಾಂಸರೂ ಇದ್ದಾರೆ. ದಾನಿಯ ಜೀವಕ್ಕೂ ಸಣ್ಣ ಅಪಾಯವಿರುವುದರಿಂದ ಅವನ ಸ್ವಇಚ್ಛೆ ಮುಖ್ಯ. ಕುಟುಂಬದವರೆಲ್ಲ ಕೂಡಿ ಒಬ್ಬಳು ಮಗಳ ಮೇಲೆ ಒತ್ತಡ ಹೇರುವುದು ಸಲ್ಲದು. ಕೊಡಲಾಗದವರನ್ನು ಹೆತ್ತವರ ದ್ರೋಹಿಗಳೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಕಸಿಯೂ ಸಾಧ್ಯವಿಲ್ಲವೆಂದಾದಾಗ ಚಿಕಿತ್ಸೆ ಮುಗಿಯಿತೆಂದಲ್ಲ. ಹೊಟ್ಟೆಯ ನೀರು ತೆಗೆಸಿದರೆ ಉಸಿರಾಟ ಹಗುರವಾಗುತ್ತದೆ. ನೋವಿಗೆ, ತುರಿಕೆಗೆ ಮದ್ದಿದೆ. ಕೊನೆಯ ಹೊತ್ತಿನಲ್ಲಿ ಬಳಿ ಕುಳಿತವರು ಕಲಿಮವನ್ನು ಮೆಲ್ಲಗೆ ಹೇಳಿಕೊಡಲಿ. ರೋಗಿ ಒಮ್ಮೆ ಹೇಳಿದ ಮೇಲೆ ಮತ್ತೆ ಮತ್ತೆ ಒತ್ತಾಯಿಸಬಾರದೆಂದು ವಿದ್ವಾಂಸರು ತಿಳಿಸಿದ್ದಾರೆ. ತುಟಿ ಒಣಗಿದ್ದರೆ ಒದ್ದೆ ಬಟ್ಟೆಯಿಂದ ಒರೆಸಲಿ, ನೋಡಬಂದವರ ಗದ್ದಲವನ್ನು ಹೊರಗಿನ ಜಗಲಿಯಲ್ಲೇ ತಡೆಯಲಿ.