ಒಬ್ಬ ಕೆಲಸಗಾರ, ಒಬ್ಬ ಯಜಮಾನ

ವ್ಯವಹಾರ ಅಧ್ಯಯನದಲ್ಲಿ ಹೆನ್ರಿ ಫೆಯೋಲ್ ಹೇಳಿದ 14 ತತ್ವಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅದರಲ್ಲಿ ‘ಆದೇಶದ ಏಕತೆ’ ಎಂದರೆ ಒಬ್ಬ ಕೆಲಸಗಾರನಿಗೆ ಒಬ್ಬರೇ ಆದೇಶ ಕೊಡಬೇಕು. ಇದಕ್ಕೆ ನಾನು ಫ್ಯಾಕ್ಟರಿ ಬಿಟ್ಟು ಕುದೇರಿನಲ್ಲಿರುವ ನನ್ನ ಮಾಮುವಿನ ಉದಾಹರಣೆ ಕೊಡುತ್ತೇನೆ.

ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಮಾಮುವಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತು ಮೊಬೈಲ್ ರೀಚಾರ್ಜ್ ಅಂಗಡಿ ನಡೆಸುತ್ತಾರೆ. ಸ್ನಾನ, ಬಟ್ಟೆ, ವಜೂ, ಕುರ್ಚಿಗೆ ಕೂರಿಸುವುದು, ಇದಕ್ಕೆಲ್ಲ ಪಕ್ಕದ ಬೀದಿಯ ಹುಡುಗನೊಬ್ಬ ಬರುತ್ತಾನೆ. ಮೊದಲು ಅವನಿಗೆ ನಾನಿ ಒಂದು ಹೇಳುತ್ತಿದ್ದರು, ಮಾಮಿ ಇನ್ನೊಂದು. ಮಾಮುವನ್ನು ಯಾರೂ ಕೇಳುತ್ತಿರಲಿಲ್ಲ. ಬೇಗ ಮುಗಿಸಲೆಂದು ಅವನು ಎಳೆದು ಕೂರಿಸುತ್ತಿದ್ದ. ಚರ್ಮ ಉಜ್ಜಿ ಹುಣ್ಣಾಯಿತು. ಸ್ಪರ್ಶವೇ ತಿಳಿಯದ ಜಾಗದಲ್ಲಿ ಹುಣ್ಣಾದರೆ ನೋವಿಲ್ಲ, ಆದ್ದರಿಂದ ಗೊತ್ತಾಗುವಷ್ಟರಲ್ಲಿ ಆಳವಾಗಿರುತ್ತದೆ. ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯಿತು. ಆಗ ಮಾಮು, “ಸಂಬಳ ಕೊಡೋನು ನಾನು, ಕೆಲಸ ಹೇಳೋನೂ ನಾನೇ” ಎಂದರು. ನಾನಿ ಎರಡು ದಿನ ಮಾತು ಬಿಟ್ಟರು.

ಈಗ ಮಾಮುವೇ ಕಲಿಸಿದ್ದಾರೆ: ಮೊದಲು ಕುರ್ಚಿಯ ಬ್ರೇಕ್ ಹಾಕು, ಎಳೆಯಬೇಡ, ಎತ್ತು. ಹಾಜರಿ, ರಜೆ, ಮುಂಗಡ ಎಲ್ಲ ನೋಟ್‌ಬುಕ್ಕಿನಲ್ಲಿದೆ. ಅವನು ಬಾರದ ದಿನಕ್ಕೆ ಇನ್ನೊಬ್ಬನನ್ನೂ ತಯಾರು ಮಾಡಿದ್ದಾರೆ. (ಗಲ್ಲಾದಿಂದ ಕೊಡುವ ಈ ಸಂಬಳ ಅಂಗಡಿಯ ಖರ್ಚಲ್ಲ, ಡ್ರಾಯಿಂಗ್ಸ್ ಎಂದೆ. “ಶಟರ್ ಎತ್ತೋದೂ ಅವನೇ ಅಲ್ವಾ?” ಎಂದರು. ಲೆಕ್ಕಶಾಸ್ತ್ರದ ಮೇಡಂ ತೀರ್ಪು ಕೊಡಬೇಕು.)

ಇದು ಹೊಸ ವಿಚಾರವಲ್ಲ. ಪೋಲಿಯೋದಿಂದ ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದರು. ಅವರೂ ಅಲ್ಲಿನ ಗೆಳೆಯರೂ ಸಹಾಯಕರನ್ನು ತಾವೇ ಆರಿಸಿ, ಕಲಿಸಿ, ಸರಿಬಾರದಿದ್ದರೆ ಬಿಡಿಸುತ್ತಿದ್ದರು. 1972ರಲ್ಲಿ ಅಲ್ಲೇ ಸ್ವತಂತ್ರ ಬದುಕಿನ ಕೇಂದ್ರ ಶುರುವಾಯಿತು. ಆದರೆ ಅಲ್ಲಿ ಸಹಾಯಕರ ಸಂಬಳಕ್ಕೆ ಸರ್ಕಾರದ ಹಣ ಸಿಗುತ್ತಿತ್ತು. ಮಾಮುವಿಗೆ ಇರುವುದು ಗಲ್ಲಾ ಮಾತ್ರ. ವ್ಯಾಪಾರವಿಲ್ಲದ ತಿಂಗಳು ಮೊದಲು ಕಡಿತವಾಗುವುದು ಮನೆಯ ಖರ್ಚು, ಹುಡುಗನ ಸಂಬಳವಲ್ಲ.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಿದೆ, ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ಎಂಬ ಷರತ್ತಿನೊಂದಿಗೆ. 38ನೇ ಸೆಕ್ಷನ್ ಪ್ರಕಾರ ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಇರುವವರು ತಮಗೆ ಅಂಥ ನೆರವು ಬೇಕೆಂದು ಅರ್ಜಿ ಹಾಕಬಹುದು. ಬೇಕೋ ಬೇಡವೋ ಎಂದು ಮೊದಲು ಯೋಚಿಸುವವರು ಅವರೇ, ಮನೆಯವರಲ್ಲ. ಮಾಮುವಿನ ಅರ್ಜಿ ನಾನು ಬರೆಯುತ್ತಿದ್ದೇನೆ, ಅವರು ಹೇಳಿದಂತೆ.