ಒಂದು ಪೈಪಿಗೆ ಮೂರು ಬಾಯಿ

ಡೇಟಾಬೇಸಿನ ಬ್ಯಾಕಪ್ ಎಂದರೆ ಒಂದೇ ಹರಿವಿಗೆ ಮೂರು ಗಿರಾಕಿಗಳು. ಡೇಟಾ ಕುಗ್ಗಿಸಿ ಡಿಸ್ಕಿಗೆ ಬರೆಯುವ ಜಿಜಿಪ್ ಒಂದು, ಚೆಕ್‌ಸಮ್ ಲೆಕ್ಕ ಹಾಕುವ ಪ್ರೋಗ್ರಾಂ ಇನ್ನೊಂದು, ಬೇರೆ ಊರಿನ ಸರ್ವರಿಗೆ ಪ್ರತಿ ಸಾಗಿಸುವ ಎಸ್‌ಎಸ್‌ಎಚ್ ಮತ್ತೊಂದು. ಡೇಟಾಬೇಸನ್ನು ಮೂರು ಸಲ ಓದಿದರೆ ಸಮಯ ದಂಡ. ಅದಕ್ಕಿಂತ ಹೆಚ್ಚಾಗಿ, ಮೂರು ಬೇರೆ ಬೇರೆ ಗಳಿಗೆಯ ಸ್ಥಿತಿ ಸಿಕ್ಕಿ, ಯಾವ ಚೆಕ್‌ಸಮ್ ಯಾವುದಕ್ಕೂ ತಾಳೆಯಾಗುವುದಿಲ್ಲ. ಹಾಗಾಗಿ ಪಿಜಿಡಂಪ್ ಒಂದೇ ಸಲ ಓಡಬೇಕು, ಅದರ ಔಟ್‌ಪುಟ್ ಮೂವರಿಗೂ ಪೂರ್ತಿ ಮುಟ್ಟಬೇಕು. ನನ್ನ ಪಾಲಿಗೆ ಬಂದ ಸ್ಕ್ರಿಪ್ಟಿನಲ್ಲಿ ಇದಿಷ್ಟೂ ಬ್ಯಾಷ್‌ನ ಒಂದೇ ಸಾಲು: ಪಿಜಿಡಂಪಿನಿಂದ ಟೀ ಕಮಾಂಡಿಗೆ, ಅಲ್ಲಿಂದ ಪ್ರಾಸೆಸ್ ಸಬ್‌ಸ್ಟಿಟ್ಯೂಷನ್ ಮೂಲಕ ಮೂರು ಕಡೆಗೆ. ನೋಡಲು ಚೆಂದವೇ ಇತ್ತು. ಬರೆದವರು ಕಂಪನಿ ಬಿಟ್ಟು ಹೋಗಿದ್ದರು. ಅದರ ಜೊತೆ ಏಗುತ್ತ ನಾನು ಕಲಿತದ್ದು ಒಂದಿಷ್ಟಿದೆ.

ಪೈಪ್ ಹುಟ್ಟಿದ್ದೇ ಒಬ್ಬ ಬರೆಯುವವ, ಒಬ್ಬ ಓದುವವ ಎಂಬ ಲೆಕ್ಕದಲ್ಲಿ. ತೋಟಕ್ಕೆ ನೀರು ಬಿಡುವ ಹೋಸ್‌ಪೈಪಿನಂತೆ ಪ್ರೋಗ್ರಾಮುಗಳನ್ನು ಒಂದಕ್ಕೊಂದು ಸಿಕ್ಕಿಸುವ ಹಾಗಿರಬೇಕು ಎಂದು ಡಗ್ಲಸ್ ಮೆಕಿಲ್ರಾಯ್ 1964ರಲ್ಲೇ ಬರೆದಿಟ್ಟಿದ್ದರು. ಕೆನ್ ಥಾಂಪ್ಸನ್ ಅದನ್ನು ಯುನಿಕ್ಸಿಗೆ ತಂದದ್ದು 1973ರಲ್ಲಿ. ನೀರನ್ನು ಕವಲೊಡೆಸಿದರೆ ಪಾಲಾಗುತ್ತದೆಯೇ ಹೊರತು ಇಮ್ಮಡಿಯಾಗುವುದಿಲ್ಲ. ಒಂದೇ ಪೈಪಿನ ಓದುವ ತುದಿಯನ್ನು ಎರಡು ಪ್ರಾಸೆಸ್ ಹಿಡಿದರೆ ಆಗುವುದೂ ಅದೇ: ಒಬ್ಬ ಓದಿದ ಬೈಟ್ ಇನ್ನೊಬ್ಬನಿಗಿಲ್ಲ. ಫೋರ್ಕ್ ಮಾಡಿ ಎರಡೂ ಚೈಲ್ಡ್ ಪ್ರಾಸೆಸ್‌ಗೆ ಅದೇ ತುದಿ ಕೊಟ್ಟರೆ ಇಬ್ಬರಿಗೂ ಪೂರ್ತಿ ಸಿಗುತ್ತದೆ ಎನ್ನುವವರನ್ನು ಸಂದರ್ಶನಗಳಲ್ಲಿ ಎಷ್ಟೋ ಬಾರಿ ಕಂಡಿದ್ದೇನೆ, ಅನುಭವಸ್ಥರೂ ಅವರಲ್ಲಿದ್ದಾರೆ. ಪ್ರತಿ ಬೇಕಾದರೆ ನಡುವೆ ಯಾರಾದರೂ ಕೂತು, ತಾನು ಓದಿ, ಒಬ್ಬೊಬ್ಬರ ಪೈಪಿಗೂ ಬೇರೆ ಬೇರೆಯಾಗಿ ಬರೆಯಬೇಕು. ಟೀ ಮಾಡುವುದು ಇಷ್ಟೇ ಕೆಲಸ.

ಗಿರಾಕಿಗಳ ವೇಗ ಬೇರೆ ಬೇರೆಯಾದಾಗ ತಾಪತ್ರಯ ಶುರು. ಲಿನಕ್ಸಿನಲ್ಲಿ ಒಂದು ಪೈಪಿನ ಬಫರ್ ಸಾಮಾನ್ಯವಾಗಿ 65,536 ಬೈಟ್. ಅದು ತುಂಬಿದರೆ ಬರೆಯುವವನನ್ನು ಕರ್ನಲ್ ಅಲ್ಲೇ ತಡೆದು ನಿಲ್ಲಿಸುತ್ತದೆ. ಟೀ ಸರದಿಯ ಪ್ರಕಾರ ಬರೆಯುವುದರಿಂದ ಒಬ್ಬನ ಪೈಪ್ ತುಂಬಿದರೆ ಉಳಿದವರಿಗೂ ಬಡಿಸುವುದು ನಿಂತಿತು. ಟೀ ನಿಂತರೆ ಅದರ ಹಿಂದಿನ ಪೈಪ್ ತುಂಬಿ ಪಿಜಿಡಂಪ್ ಕೂಡ ನಿಲ್ಲುತ್ತದೆ. ಇಷ್ಟೇ ಆಗಿದ್ದರೆ ಬ್ಯಾಕಪ್ ತಡವಾಯಿತು ಎಂದು ಸುಮ್ಮನಿರಬಹುದಿತ್ತು. ಆದರೆ ಪಿಜಿಡಂಪ್ ಶುರುವಿನಿಂದ ಕೊನೆಯವರೆಗೆ ಒಂದೇ ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡಿರುತ್ತದೆ. ಅದು ತೆರೆದಿರುವಷ್ಟು ಹೊತ್ತು, ಆ ಬಳಿಕ ಬೇಡವಾದ ಹಳೆಯ ಸಾಲುಗಳನ್ನು ವ್ಯಾಕ್ಯೂಮ್ ಗುಡಿಸುವಂತಿಲ್ಲ. ಯಾರಾದರೂ ಆಲ್ಟರ್ ಟೇಬಲ್ ಕೊಟ್ಟರೆ ಅದು ಕಾಯುತ್ತದೆ, ಅದರ ಹಿಂದೆ ಬಂದ ಸಾದಾ ಸೆಲೆಕ್ಟ್‌ಗಳೂ ಸಾಲುಗಟ್ಟುತ್ತವೆ.

ನಮ್ಮಲ್ಲಿ ಒಂದು ಬೆಳಿಗ್ಗೆ ಆದದ್ದು ಇದೇ. ದೂರದ ಸರ್ವರಿನ ಲಿಂಕ್ ರಾತ್ರಿಯಿಡೀ ಕುಂಟುತ್ತಿತ್ತು. ಹೊಸ ಆವೃತ್ತಿ ಬಿಡುವ ಹೊತ್ತಿಗೂ ಡಂಪ್ ಮುಗಿದಿರಲಿಲ್ಲ. ಆವೃತ್ತಿಯ ಜೊತೆಗಿದ್ದ ಆಲ್ಟರ್ ಟೇಬಲ್ ಯೂಸರ್ ಟೇಬಲ್ಲಿನ ಬಾಗಿಲಲ್ಲಿ ನಿಂತಿತು, ಅದರ ಹಿಂದೆ ಲಾಗಿನ್‌ಗಳೆಲ್ಲ ನಿಂತವು. ಡಿಬಿಎ ಮೇಡಂ ಫೋನ್ ಮಾಡಿ, “ಸರ್, ನಿಮ್ಮ ಬ್ಯಾಕಪ್ ಇನ್ನೂ ಓಡ್ತಾ ಇದೆ. ಕಿಲ್ ಮಾಡ್ಲಾ?” ಅಂದರು. ಮಾಡಿ ಅಂದೆ. ಇನ್ನೊಂದು ಊರಿನ ನೆಟ್‌ವರ್ಕ್ ನಿಧಾನವಾದರೆ ಇಲ್ಲಿ ಲಾಗಿನ್ ನಿಲ್ಲುತ್ತದೆ ಎಂಬುದು ಆ ಒಂದು ಸಾಲಿನಲ್ಲಿ ಎಲ್ಲೂ ಬರೆದಿಲ್ಲ. ಬಫರನ್ನು ಹಿಗ್ಗಿಸಬಹುದಲ್ಲ ಎಂದು ಆಮೇಲೆ ಒಬ್ಬರು ಸಲಹೆ ಕೊಟ್ಟರು. ರೂಟ್ ಅಲ್ಲದವರಿಗೆ ಅದರ ಮಿತಿ ಸಾಮಾನ್ಯವಾಗಿ 1 ಎಂಬಿ. ನೂರಾರು ಜಿಬಿ ಹರಿಯುವಲ್ಲಿ ಅದು ಯಾವ ಮೂಲೆಗೆ?

ನಿಧಾನವಾಗಿ ಓದುವವನಾದರೂ ಪರವಾಗಿಲ್ಲ, ಅರ್ಧಕ್ಕೇ ಎದ್ದು ಹೋಗುವವನು ಇನ್ನೂ ಅಪಾಯ. ಡಂಪಿನ ಮೊದಲ ಕೆಲವು ಸಾಲು ಲಾಗಿನಲ್ಲಿ ಕಾಣಲಿ ಎಂದು ಯಾರೋ ನಾಲ್ಕನೆಯ ಗಿರಾಕಿಯಾಗಿ ಹೆಡ್ ಕಮಾಂಡನ್ನು ಸೇರಿಸಿದ್ದರು. ಹೆಡ್ ತನಗೆ ಬೇಕಾದಷ್ಟು ಓದಿ ಹೊರಟುಬಿಡುತ್ತದೆ. ಓದುವವರೇ ಇಲ್ಲದ ಆ ಪೈಪಿಗೆ ಟೀ ಮತ್ತೆ ಬರೆಯಹೋದಾಗ ಕರ್ನಲ್ ಸಿಗ್‌ಪೈಪ್ ಸಿಗ್ನಲ್ ಕಳಿಸುತ್ತದೆ, ಟೀ ಸಾಯುತ್ತದೆ. ಜಿಜಿಪ್‌ಗೆ ಇದೊಂದೂ ತಿಳಿಯದು. ಇನ್‌ಪುಟ್ ಮುಗಿಯಿತು ಎಂದುಕೊಂಡು ಫೈಲನ್ನು ಶಿಸ್ತಾಗಿ ಮುಚ್ಚುತ್ತದೆ. ಆ ಫೈಲನ್ನು ಜಿಜಿಪ್‌ನದೇ ಪರೀಕ್ಷೆಗೆ ಒಡ್ಡಿ ನೋಡಿ, ಪಾಸು! ಒಳಗಿರುವುದು ಮಾತ್ರ ಅರೆಬರೆ ಡೇಟಾಬೇಸ್. ಟೆಸ್ಟ್ ಸರ್ವರಿನಲ್ಲಿ ಈ ರೋಗ ಕಾಣಿಸಿಕೊಳ್ಳದೆಯೂ ಇರಬಹುದು, ಏಕೆಂದರೆ ಅಲ್ಲಿನ ಪುಟ್ಟ ಡಂಪ್ ಬಫರಿನಲ್ಲೇ ಹಿಡಿದು, ಹೆಡ್ ಎದ್ದು ಹೋಗುವ ಮೊದಲೇ ಬರೆದು ಮುಗಿದಿರುತ್ತದೆ.

ಎಕ್ಸಿಟ್ ಕೋಡ್ 141 ಎಲ್ಲಿ ಕಂಡರೂ ಈಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತೇನೆ. 128ಕ್ಕೆ ಸಿಗ್‌ಪೈಪಿನ ಸಂಖ್ಯೆ 13 ಕೂಡಿಸಿದರೆ ಬರುವುದು ಅದು. ಗ್ನೂ ಟೀಗೆ 2015ರ ಕೋರ್‌ಯುಟಿಲ್ಸ್ 8.24ರಿಂದ ‘ಪಿ’ ಎಂಬ ಆಯ್ಕೆ ಇದೆ. ಅದನ್ನು ಕೊಟ್ಟರೆ ಒಬ್ಬ ಎದ್ದು ಹೋದರೂ ಉಳಿದವರಿಗೆ ಬರೆಯುತ್ತಲೇ ಇರುತ್ತದೆ. ಇನ್ನೊಂದು ಆಸರೆ ಪಿಜಿಡಂಪಿನದೇ: ಸಾದಾ ಪಠ್ಯದ ಡಂಪಿನ ಬಾಲದಲ್ಲಿ, ಡಂಪ್ ಪೂರ್ತಿಯಾಯಿತು ಎಂಬ ಟಿಪ್ಪಣಿಯ ಸಾಲೊಂದನ್ನು ಅದು ಬರೆಯುತ್ತದೆ. ಆ ಸಾಲು ಇದೆಯೇ ಎಂದು ಹುಡುಕುವುದು ನನ್ನ ಮಟ್ಟಿಗೆ ಚೆಕ್‌ಸಮ್‌ಗಿಂತ ಮೇಲು. ಚೆಕ್‌ಸಮ್ ನೋಡುವುದು ಬಂದದ್ದನ್ನು. ಬಾರದೆ ಉಳಿದದ್ದು ಅದರ ಲೆಕ್ಕಕ್ಕೇ ಇಲ್ಲ. ಬ್ಯಾಷ್ ಇನ್ನೊಂದು ಕಿರಿಕಿರಿ ಇಟ್ಟುಕೊಂಡಿದೆ. ಪ್ರಾಸೆಸ್ ಸಬ್‌ಸ್ಟಿಟ್ಯೂಷನ್ನಿನಲ್ಲಿ ಹುಟ್ಟಿದವರು ಮುಗಿಸಲಿ ಎಂದು ಅದು ತಾನಾಗಿ ಕಾಯುವುದಿಲ್ಲ, ಅವರು ಸೋತರೂ ಪೈಪ್‌ಫೇಲ್ ಬಾಯಿ ಬಿಡುವುದಿಲ್ಲ.

ಇದೆಲ್ಲ ಸಾಕೆನಿಸಿ ನಮ್ಮ ತಂಡದ ಹುಡುಗನೊಬ್ಬ ಸಿ ಭಾಷೆಯಲ್ಲಿ ಒಂದು ಪುಟ್ಟ ಹಂಚಿಕೆದಾರನನ್ನು ಬರೆದ. ಮೂರು ಪೈಪ್, ಮೂರು ಫೋರ್ಕ್. ಕೊನೆಯಲ್ಲಿ ಮೊದಲ ಪೈಪನ್ನು ಮುಚ್ಚಿ, ಮೊದಲ ಚೈಲ್ಡ್ ಮುಗಿಯುವವರೆಗೆ ಕಾದು, ಆಮೇಲೆ ಎರಡನೆಯದಕ್ಕೆ ಹೋಗುವ ಲೂಪ್. ಡೇಟಾ ಎಲ್ಲ ಸರಿಯಾಗಿ ಹೋಯಿತು, ಪ್ರೋಗ್ರಾಂ ಮಾತ್ರ ಮುಗಿಯಲೇ ಇಲ್ಲ. ಇಬ್ಬರೂ ಕೂತು ಪ್ರಾಕ್ ಡೈರೆಕ್ಟರಿಯಲ್ಲಿ ಒಂದೊಂದು ಪ್ರಾಸೆಸ್ಸಿನ ಎಫ್‌ಡಿ ಪಟ್ಟಿ ತೆಗೆದೆವು. ಪ್ರತಿ ಪೈಪಿನ ಪಕ್ಕದಲ್ಲೂ ಒಂದು ಸಂಖ್ಯೆ ಇರುತ್ತದೆ. ಮೊದಲ ಚೈಲ್ಡ್ ಓದುತ್ತಿದ್ದ ಪೈಪಿನ ಸಂಖ್ಯೆಯೇ ಎರಡನೆಯ, ಮೂರನೆಯ ಚೈಲ್ಡ್‌ಗಳ ಪಟ್ಟಿಯಲ್ಲೂ ಇತ್ತು, ಅದೂ ಬರೆಯುವ ತುದಿಯಾಗಿ! ತಡವಾಗಿ ಹುಟ್ಟಿದವರಿಗೆ ಅಣ್ಣನ ಪೈಪೂ ಬಳುವಳಿಯಾಗಿ ಬಂದಿತ್ತು. ಬರೆಯುವ ತುದಿ ಎಲ್ಲೋ ಒಂದು ಕಡೆ ತೆರೆದಿರುವವರೆಗೆ ಓದುವವನಿಗೆ ಮುಕ್ತಾಯ ಕಾಣುವುದಿಲ್ಲ. ಪೈಪ್ ಮಾಡುವಾಗಲೇ ಓ-ಕ್ಲೋಎಕ್ಸೆಕ್ ಗುರುತು ಹಾಕಿದರೆ ಎಕ್ಸೆಕ್ ಆದಾಗ ಇಂಥ ಬಳುವಳಿಗಳು ತಾವೇ ಮುಚ್ಚಿಕೊಳ್ಳುತ್ತವೆ. ಪೈಥಾನ್ 3.4ರಿಂದ ಈಚೆಗೆ ಇದನ್ನು ತಾನೇ ನೋಡಿಕೊಳ್ಳುತ್ತದೆ.

ಈಗ ಬ್ಯಾಕಪ್ಪಿನಲ್ಲಿ ಟೀ ಉಳಿದಿರುವುದು ಲೋಕಲ್ ಡಿಸ್ಕಿನ ಫೈಲ್ ಮತ್ತು ಚೆಕ್‌ಸಮ್ ಎರಡಕ್ಕೆ ಮಾತ್ರ. ಕುಗ್ಗಿಸುವುದು, ಊರು ದಾಟಿಸುವುದು ಎಲ್ಲ ಡಂಪ್ ಮುಗಿದ ಮೇಲೆ, ಫೈಲಿನಿಂದ. ಡಿಸ್ಕ್ ಹೆಚ್ಚು ಬೇಕಾಯಿತು, ಅದರ ಬಿಲ್ಲಿಗೆ ಮೇಲಿನವರು ಗೊಣಗಿದರು. ಕಾಫ್ಕಾ ಮಾಡುವುದೂ ಹೆಚ್ಚುಕಡಿಮೆ ಇದನ್ನೇ: ಮೊದಲು ಡಿಸ್ಕಿಗೆ ಬರೆದಿಡು, ಯಾರು ಎಲ್ಲಿಯವರೆಗೆ ಓದಿದ್ದಾರೆ ಎಂಬ ಗುರುತು ಅವರವರಿಗೆ ಬೇರೆ ಇರಲಿ.

ಲೈವ್ ಲಾಗಿನ ವಿಷಯಕ್ಕೆ ಬಂದರೆ ನನ್ನ ಪಕ್ಷ ಬೇರೆ. ಪರದೆಯ ಮೇಲೆ ಲಾಗ್ ನೋಡುತ್ತ ಕೂತವರಿಗಾಗಿ ಸರ್ವರ್ ಕಾಯಬಾರದು. ಅಲ್ಲಿ ನಾನ್‌ಬ್ಲಾಕಿಂಗ್ ಆಗಿ ಬರೆಯುತ್ತೇವೆ. ಪೈಪ್ ತುಂಬಿದ್ದರೆ ಆ ಸಾಲನ್ನು ಎಸೆದು, ಎಷ್ಟು ಎಸೆದೆವು ಎಂದು ಎಣಿಸಿ, ಜಾಗ ಸಿಕ್ಕಾಗ ಆ ಲೆಕ್ಕವನ್ನೂ ಒಂದು ಸಾಲಾಗಿ ಕಳಿಸುತ್ತೇವೆ. ಲಿನಕ್ಸಿನಲ್ಲಿ 4,096 ಬೈಟ್ ಮೀರದ ಬರಹ ಪೈಪಿಗೆ ಪೂರ್ತಿ ಹೋಗುತ್ತದೆ, ಇಲ್ಲವೇ ಹೋಗುವುದೇ ಇಲ್ಲ, ನಡುವೆ ತುಂಡಾಗುವುದಿಲ್ಲ. ಜಾವಾದ ಮಾರುದ್ದದ ಸ್ಟ್ಯಾಕ್ ಟ್ರೇಸುಗಳು ಮಾತ್ರ ಆ ಗೆರೆ ದಾಟುತ್ತವೆ. ಅವನ್ನು ಮೊದಲೇ ಸಾಲು ಸಾಲಾಗಿ ಬಿಡಿಸಿ ಬರೆಯುತ್ತೇವೆ.